ಮೂರನೆಯ ಕೂಗು

ರಾಜಮಂಡ್ರಿ
೨೯ ಡಿಸೆಂಬರ್ ೨೦೦೩, ಸೋಮವಾರ

ನನ್ನ ಅವ್ವನಿಗೆ,

ಶಾಂಭವಿ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ, ಕಣ್ಣು ತುಂಬ ನಿದ್ದೆ ಮಾಡುತ್ತಿದ್ದಾಳೆ, ಗಟ್ಟಿಯಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಟ್ಟೆ. ಇಲ್ಲದಿದ್ದರೆ ನೀನು ಕೊನೆಯವರೆಗೂ ಇದನ್ನೇ ಹುಡುಕುತ್ತ ಓದುತ್ತೀ, ನಡುವೆ ಬರೆದದ್ದೆಲ್ಲ ದಂಡವಾಗುತ್ತದೆ.

ಗುರುವಾರ ಫೋನಿನಲ್ಲಿ ನೀನು ಒಂದು ಮಾತೂ ಆಡಲಿಲ್ಲವೆಂದು ನನಗೆ ಬೇಜಾರಿಲ್ಲ. ಹದಿನಾಲ್ಕು ನಿಮಿಷ ನಾನೊಬ್ಬಳೇ ಮಾತಾಡಿದೆ, ನೀನು ಕೇಳಿಸಿಕೊಂಡೆ. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ನಡೆದುಕೊಂಡು ಬಂದದ್ದೂ ಅದೇ ಅಲ್ಲವೇ? ಆದರೂ ಅಂದು ಏನಾಯಿತೆಂದು ನನ್ನ ಕಡೆಯಿಂದ ಪೂರ್ತಿ ಬರೆಯಬೇಕು ಅನ್ನಿಸಿದೆ. ಬಟ್ಟೆ ಒಗೆದು ಹಗ್ಗಕ್ಕೆ ಹಾಕಿ ಕೂತಿದ್ದೇನೆ. ಸೋಮವಾರ ನಮಗೆ ಬಿಡುವಿನ ದಿನ, ಮನೆಗೆ ಪತ್ರ ಬರೆಯುವ ದಿನ.

ನಮ್ಮ ಸಭೆಯ ಕಟ್ಟಳೆ ನಿನಗೆ ಮೊದಲೇ ಬರೆದಿದ್ದೆ. ಮಾರ್ಮನ್ ಕ್ರೈಸ್ತರಲ್ಲಿ ಮನೆ ಮನೆಗೆ ಏಸುವಿನ ಮಾತು ಹೇಳುವ ಸೇವೆಗೆ ಹೊರಟ ಹೆಣ್ಣುಮಗಳು ಹದಿನೆಂಟು ತಿಂಗಳು ಮನೆಯ ಕಡೆ ಮುಖ ಹಾಕುವಂತಿಲ್ಲ. ಪತ್ರ ಬರೆಯಬಹುದು. ಫೋನು ಮಾತ್ರ ವರ್ಷಕ್ಕೆ ಎರಡೇ ಸಲ, ಮೇ ತಿಂಗಳ ತಾಯಂದಿರ ದಿನಕ್ಕೊಮ್ಮೆ, ಕ್ರಿಸ್‌ಮಸ್ ದಿನಕ್ಕೊಮ್ಮೆ. ಮೇ ತಿಂಗಳಲ್ಲಿ ನಮ್ಮ ಜವಳಿ ಅಂಗಡಿಗೆ ಫೋನು ಮಾಡಿದ್ದೆ. ಎತ್ತಿದವನು ಅಪ್ಪ. ನಾನು ‘ಅಪ್ಪಾ’ ಅಂದೆ. ‘ರಾಂಗ್ ನಂಬರ್ ರೀ’ ಎಂದು ಇಟ್ಟುಬಿಟ್ಟ. ಹೆತ್ತ ಮಗಳಿಗೆ ‘ರೀ’ ಹಚ್ಚಿ ಮಾತಾಡಿದ್ದು ಅದೇ ಮೊದಲು.

ಏಳು ತಿಂಗಳು ಆ ರಾಂಗ್ ನಂಬರ್ ನನ್ನ ಎದೆಯಲ್ಲಿ ಕೂತಿತ್ತು. ನಿನ್ನ ಪತ್ರಗಳೂ ಬಾಯಿ ಬಿಡುವುದಿಲ್ಲ, ಅವ್ವ. ಒಟ್ಟು ನಾಲ್ಕು ಬಂದಿವೆ. ಮಳೆ ಆಯಿತು, ಮೆಕ್ಕೆಜೋಳ ಮಾರ್ಕೆಟ್ಟಿಗೆ ಬಂತು, ಹೊಲ ನೋಡಿಕೊಳ್ಳುವ ಮೈಲಮ್ಮನ ಕುರಿ ಎರಡು ಮರಿ ಹಾಕಿತು. ‘ಯಾವಾಗ ಬರ್ತಿ’ ಎಂಬುದು ಒಂದರಲ್ಲೂ ಇಲ್ಲ. ಆಗಸ್ಟಿನಲ್ಲಿ ನನ್ನ ಸೇವೆ ಮುಗಿಯುತ್ತದೆ. ಆಗ ಹರಪನಹಳ್ಳಿಯಲ್ಲಿ ಇಳಿದು ಮನೆಗೆ ನಡೆದು ಬಂದರೆ ಬಾಗಿಲು ತೆರೆಯುತ್ತದೋ ಇಲ್ಲವೋ, ಅದೊಂದು ನನಗೆ ತಿಳಿಯಬೇಕಿತ್ತು. ಅದಕ್ಕೇ ಈ ಸಲ ಹುಷಾರಾದೆ. ಬಸ್‌ಸ್ಟ್ಯಾಂಡ್ ಎದುರಿನ ಹಾಲೇಶಪ್ಪನ ಎಸ್‌ಟಿಡಿ ಬೂತಿಗೆ ಇಪ್ಪತ್ತೈದರಂದು ಬೆಳಿಗ್ಗೆ ಹನ್ನೊಂದಕ್ಕೆ ಬಂದಿರು, ಅಪ್ಪನಿಗೆ ಹೇಳಬೇಡ ಎಂದು ನಿನಗೊಬ್ಬಳಿಗೇ ಬರೆದೆ.

ಬರೆದ ಮೇಲೆ ಕಾಯುವುದಕ್ಕೆ ಪುರುಸೊತ್ತು ಎಲ್ಲಿತ್ತು? ಡಿಸೆಂಬರ್ ಬಂತೆಂದರೆ ನಮಗೆ ಕಾಲು ನಿಲ್ಲುವುದಿಲ್ಲ. ಇಲ್ಲಿ ನಮ್ಮ ಸಭೆ ಎಂದರೆ ಒಂದು ಬಾಡಿಗೆ ಮನೆಯ ಮಹಡಿ, ಐವತ್ತು ಪ್ಲಾಸ್ಟಿಕ್ ಕುರ್ಚಿ, ಅರವತ್ತು ಜನ. ಮಕ್ಕಳಿಂದ ಏಸು ಹುಟ್ಟಿದ ಆಟ ಆಡಿಸುವ ಕೆಲಸ ನನಗೆ ಬಿತ್ತು. ಕುರುಬರ ಪಾತ್ರದ ಹುಡುಗರಿಗೆ ಯಾರೋ ಸ್ನಾನದ ಟವೆಲು ಹೊದಿಸಿ ನಿಲ್ಲಿಸಿದ್ದರು. ನಾನು ಸುಮ್ಮನಿರುತ್ತೇನೆಯೇ? ಹೊರಡುವಾಗ ನೀನು ಸದ್ದಿಲ್ಲದೆ ನನ್ನ ಟ್ರಂಕಿನ ತಳಕ್ಕೆ ತುರುಕಿದ್ದೆಯಲ್ಲ, ಮೈಲಮ್ಮ ಕೊಟ್ಟ ಕರಿ ಕಂಬಳಿ, ಅದನ್ನು ತೆಗೆದೆ. ನಮ್ಮ ತೆಲಿಗಿ ಊರಿನ ಹೊಲದಲ್ಲಿ ಕುರಿ ಕಾಯುವವರು ಕೊಪ್ಪೆ ಹಾಕಿಕೊಳ್ಳುವಂತೆ ಒಬ್ಬನ ತಲೆಯಿಂದ ಇಳಿಬಿಟ್ಟೆ. ಗೋದಾವರಿಯ ಸೆಕೆಗೆ ಅವನು ಬೆವರಿ ನೀರಾದ, ಆದರೆ ಬೆತ್ಲೆಹೇಮಿನಲ್ಲಿ ಖರೇ ಕುರುಬನಂತೆ ಕಂಡವನು ಅವನೊಬ್ಬನೇ.

ಊಟಕ್ಕೆ ಶಾವಿಗೆ ಪಾಯಸ ಮಾಡಿದೆ. ಅಂಗಡಿಯ ಶಾವಿಗೆ, ಕುದಿಯುವ ಮೊದಲೇ ಮುದ್ದೆಯಾಯಿತು. ಮನೆಯ ಶಾವಿಗೆ ತುಂಬಿಟ್ಟು, ಹಬ್ಬವಿಲ್ಲದೆ ನೀನು ಯಾರಿಗೂ ಮುಟ್ಟಗೊಡದ ಆ ತಗಡಿನ ಡಬ್ಬಿ ನೆನಪಾಯಿತು.

ನನ್ನ ಜೊತೆಗಾರ್ತಿ ಕನಕವಲ್ಲಿ ಕೊಯಮತ್ತೂರಿನವಳು. ನಾವು ಇಬ್ಬಿಬ್ಬರೇ ಜೋಡಿಯಾಗಿ ಇರಬೇಕು, ಜೋಡಿಯಾಗಿಯೇ ಮನೆಗಳಿಗೆ ಹೋಗಬೇಕು. ಅವಳದು ತಮಿಳು, ನನ್ನದು ಕನ್ನಡ, ಹೋಗುವ ಮನೆಗಳದು ತೆಲುಗು. ನಮ್ಮ ಬಳ್ಳಾರಿ ಸೀಮೆಯವರಿಗೆ ತೆಲುಗು ಅರ್ಧ ಕಿವಿಯಲ್ಲೇ ಇರುತ್ತದಲ್ಲ, ಹಾಗಾಗಿ ಮಾತೆಲ್ಲ ನನ್ನದು, ನಗುವೆಲ್ಲ ಅವಳದು. ‘ನಿನ್ನ ಮುಖಕ್ಕೆ ಜನ ಬಾಗಿಲು ಹಾಕುವುದು ಕಡಿಮೆ, ಅದೇನು ಮಂತ್ರ’ ಎಂದು ಒಂದು ದಿನ ಕೇಳಿದಳು. ಮಂತ್ರವಲ್ಲ, ಅಜ್ಜನ ಪಾಠ ಎಂದೆ.

ಗುರುಶಾಂತಯ್ಯ ಅಜ್ಜ ಜಂಗಮನಾಗಿ ತೆಲಿಗಿ, ನೀಲಗುಂದ ಸುತ್ತಿ ಭಿಕ್ಷೆ ತರುತ್ತಿದ್ದ ಕಾಲದ ಮಾತು ನಿನಗೆ ಅಷ್ಟಾಗಿ ತಿಳಿಯದು. ನೀನು ಸೊಸೆಯಾಗಿ ಬರುವ ಹೊತ್ತಿಗೆ ಅಪ್ಪ ಅದನ್ನು ಬಿಡಿಸಿ, ಹರಪನಹಳ್ಳಿಯಲ್ಲಿ ಅಂಗಡಿ ಹಾಕಿಯಾಗಿತ್ತು. ಆದರೆ ಕೊನೆಯ ವರ್ಷಗಳಲ್ಲಿ ಅಜ್ಜ ಆ ಕಥೆಯೆಲ್ಲ ನನಗೇ ಹೇಳಿದ. ‘ಬಾಗ್ಲಾಕ ಎದುರಿಗೆ ನಿಂದ್ರಬಾರದವ್ವ, ಮಗ್ಗಲಿಗೆ ನಿಂದ್ರಬೇಕು. ಒಳಗಿನವ್ರ ಬಡತನ ನಮ್ಮ ಕಣ್ಣಿಗೆ ಬೀಳಬಾರದು’ ಎನ್ನುತ್ತಿದ್ದ. ಕೊಟ್ಟದ್ದು ಒಂದು ಹಿಡಿಯಾದರೂ ತಗೋಬೇಕು, ಬೇಡ ಅಂದರೆ ಮನೆಯವರಿಗೆ ನೋವಾಗುತ್ತದೆ ಎನ್ನುತ್ತಿದ್ದ. ನಮ್ಮ ಸಭೆಯಲ್ಲಿ ಚಹಾ ಕುಡಿಯುವಂತಿಲ್ಲವಲ್ಲ, ಬೇಡ ಎಂದು ಕನಕವಲ್ಲಿ ಕೈ ಅಡ್ಡ ಮಾಡಿದಾಗಲೆಲ್ಲ ಮನೆಯವರ ಮುಖ ಸಪ್ಪಗಾಗುತ್ತಿತ್ತು. ನಾನು ಮಾತ್ರ ಬಾಯಿಬಿಟ್ಟು ಮಜ್ಜಿಗೆ ಕೇಳುತ್ತೇನೆ. ಎರಡು ಲೋಟ ಕುಡಿಯುತ್ತೇನೆ. ಕೊಟ್ಟವರು ಕೂತು ಮಾತಾಡುತ್ತಾರೆ.

ಇನ್ನೊಂದನ್ನೂ ಅಜ್ಜ ಹೇಳಿದ್ದ. ಗಂಟೆ ಬಾರಿಸಿ ಮೂರು ಸಲ ಕೂಗಬೇಕು, ಮೂರಕ್ಕಿಂತ ಹೆಚ್ಚು ಕೂಗಬಾರದು. ಆಗ ಎಳೆಯ ಸೊಸೆಯಂದಿರು ಅಯ್ಯನವರ ಎದುರಿಗೆ ದನಿ ಎತ್ತುತ್ತಿರಲಿಲ್ಲವಂತೆ. ರೊಟ್ಟಿ ಬಡಿಯುವ ಕೈ ಬಿಡುವಾಗಿಲ್ಲದಿದ್ದರೆ, ಒಳಗಿನಿಂದಲೇ ಬಾಗಿಲ ಚೌಕಟ್ಟನ್ನು ಬೆರಳಗಂಟಿನಿಂದ ಮೂರು ಸಲ ತಟ್ಟುತ್ತಿದ್ದರಂತೆ. ಹೋಗಬೇಡಿ, ನಿಲ್ಲಿ, ಬರುತ್ತೇವೆ ಎಂದು ಅದರ ಅರ್ಥ. ಅದನ್ನು ಕೇಳಿದ ಮೇಲೆ ಅಜ್ಜ ಎಷ್ಟು ಹೊತ್ತಾದರೂ ಕದಲುತ್ತಿರಲಿಲ್ಲ.

ಈಗ ಗುರುವಾರಕ್ಕೆ ಬರುತ್ತೇನೆ. ಬೆಳಿಗ್ಗೆ ಸಭೆ ಮುಗಿಸಿ, ಹಾಡು ಹಾಡಿ, ನಾವಿಬ್ಬರೂ ಬೂತಿಗೆ ಹೋದೆವು. ಮೊದಲು ಕನಕವಲ್ಲಿ ಮಾತಾಡಿದಳು. ಅವಳ ಅಮ್ಮ ಅಳುವುದು ಗಾಜಿನ ಆಚೆ ನನಗೂ ಕೇಳಿಸಿತು. ಆಮೇಲೆ ನಾನು ನಂಬರು ಒತ್ತಿದೆ. ಹಾಲೇಶಪ್ಪನೇ ಎತ್ತಿದ. ಹಿಂದೆ ‘ಕೊಟ್ಟೂರ್, ಕೊಟ್ಟೂರ್’ ಎಂದು ಕಂಡಕ್ಟರ್ ಕೂಗುತ್ತಿದ್ದ. ಅದೊಂದು ದನಿಗೇ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

‘ಹಾಲೇಶಪ್ಪಣ್ಣ, ನಾನು ಶಾಂಭವಿ. ಮನಿಯಿಂದ ಬಂದಾರೇನು?’ ಎಂದೆ.

‘ಆಗಳೇ ಬಂದು ಕುಂತಾರವ್ವ. ತಡಿ, ಕೊಡ್ತೀನಿ’ ಎಂದ.

ಆಮೇಲೆ ಬರೀ ಉಸಿರು. ‘ಅವ್ವಾ’ ಅಂದೆ. ಮಾತು ಬೇಡವಾದರೆ ಬೇಡ, ಬಂದಿದ್ದೀಯಲ್ಲ ಎಂದು ನಾನೇ ಶುರು ಮಾಡಿದೆ. ಕಂಬಳಿಯ ಕಥೆ, ಪಾಯಸದ ಕಥೆ, ಎಲ್ಲ ಒದರಿದೆ. ಆಮೇಲೆ ಅಪ್ಪನ ಮಾತು ತಾನಾಗಿಯೇ ಬಂತು. ಏನು ಹೇಳಿದೆ ಎಂಬುದು ನಿನಗೆ ನೆನಪಿದ್ದರೂ ಇಲ್ಲಿ ಬರೆಯುತ್ತೇನೆ, ಮರೆಯಬಾರದ ಮಾತು ಅದು.

‘ಅವ್ವಾ, ಅಪ್ಪನ ಸಿಟ್ಟು ದೇವರ ಸಲುವಾಗಿ ಅಲ್ಲ, ನನಗ ಗೊತ್ತೈತಿ. ನಾನು ಹೊರಟ ದಿನ ಅವ ದೇವರ ಸುದ್ದಿ ತೆಗಿಲಿಲ್ಲ. ಮತ್ತ ಮನಿ ಮನಿ ತಿರುಗಾಕ ಹೊಂಟೇನು ಅಂತ ಅಷ್ಟೇ ಕೇಳಿದ. ಒಂಬತ್ತು ವರ್ಷದವ ಇದ್ದಾಗ ಅಜ್ಜನ ಹಿಂದ ಜೋಳಿಗಿ ಹೊತ್ತು ನೀಲಗುಂದದಾಗ ತನ್ನ ಕ್ಲಾಸಿನ ಹುಡುಗನ ಬಾಗ್ಲಾಗ ನಿಂತಿದ್ದ. ಆ ಹುಡುಗನ ಕೈಯಾಗಿನ ಜೋಳಕ್ಕ ಜೋಳಿಗಿ ಬಾಯಿ ಹಿಡಿದಿದ್ದ. ಮರುದಿನ ಸಾಲಿಯಾಗ ಎಲ್ಲರೂ ನಕ್ಕಿದ್ರು. ನನ್ನ ಮಕ್ಕಳು ಯಾರ ಬಾಗ್ಲಾಗೂ ನಿಂದ್ರಬಾರದು ಅಂತ ಅವತ್ತು ಆಣಿ ಮಾಡ್ಯಾನ. ಅಜ್ಜ ನನಗ ಎಲ್ಲಾ ಹೇಳ್ಯಾನ.’

ಆ ಕಡೆಯ ಉಸಿರು ನಿಂತಂತಾಯಿತು. ನಾನು ನಿಲ್ಲಿಸಲಿಲ್ಲ, ಇದನ್ನೂ ಹೇಳಿದೆ. ಹೋದ ಆಗಸ್ಟಿನಲ್ಲಿ ಇಲ್ಲಿ ಒಬ್ಬಾಕೆ ಬಾಯಿಗೆ ಬಂದಂತೆ ಬೈದು ಮುಖಕ್ಕೆ ಬಾಗಿಲು ಹಾಕಿದಳು. ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಕೊಡೆ, ಪಕ್ಕದಲ್ಲಿ ಗೆಳತಿ, ಇಪ್ಪತ್ತೆರಡು ವರ್ಷದವಳು ನಾನು. ಆದರೂ ಬೀದಿ ದಾಟುವವರೆಗೆ ತಲೆ ಎತ್ತಲಾಗಲಿಲ್ಲ. ಅಂದೇ ನನಗೆ ಒಂಬತ್ತು ವರ್ಷದ ಆ ಹುಡುಗ ಅರ್ಥವಾದ. ರಾಂಗ್ ನಂಬರಿನ ಸಿಟ್ಟು ಅಂದಿಗೇ ಇಳಿಯಿತು, ನೋವು ಮಾತ್ರ ಉಳಿಯಿತು.

‘ಅಪ್ಪಗ ಹೇಳವ್ವ. ಅವ ಬಿಟ್ಟಿದ್ದನ್ನ ನಾನು ಮತ್ತ ಹಿಡಿದಿಲ್ಲ. ನಾನು ಏನೂ ಬೇಡಾಕ ಹೋಗಂಗಿಲ್ಲ. ನಂಬಿದ್ದನ್ನ ಹೇಳಾಕ ಹೋಗ್ತೀನಿ. ಆದ್ರ ಬಾಗ್ಲಾಗ ನೆಟ್ಟಗ ನಿಂದ್ರಾಕ ಕಲತಿದ್ದು ನಮ್ಮ ಮನ್ಯಾಗ. ಅದಕ್ಕ ಅವ ನಾಚಬಾರದು’ ಎಂದೆ.

ಬೂತಿನ ಮೀಟರು ಓಡುತ್ತಿತ್ತು. ಕೇಳಬೇಕಾದದ್ದನ್ನು ಕೊನೆಗೂ ಕೇಳಿದೆ. ‘ಆಗಸ್ಟಿಗೆ ಮನಿಗೆ ಬರ್ಲೇನು?’

ಮಾತಿಲ್ಲ. ‘ಬರ್ಲೇನವ್ವ?’ ಎಂದೆ. ಅಜ್ಜ ಮೂರಕ್ಕಿಂತ ಹೆಚ್ಚು ಕೂಗಬಾರದು ಅಂದಿದ್ದನಲ್ಲ, ಇದೇ ಕೊನೆ, ಇದಾದ ಮೇಲೆ ಕೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ. ಮೂರನೆಯ ಸಲ ಕೇಳಿದೆ.

ರಿಸೀವರಿನ ಮೇಲೆ ಬೆರಳಗಂಟಿನಿಂದ ತಟ್ಟಿದ್ದು ಕೇಳಿಸಿತು. ಒಂದು, ಎರಡು, ಮೂರು.

ಅವ್ವ, ನಿನಗೆ ಅದು ಹೇಗೆ ಗೊತ್ತು? ಅಜ್ಜ ನಿನಗೂ ಹೇಳಿದ್ದನೇ? ನಾನಂತೂ ಯಾವತ್ತೂ ಹೇಳಿದವಳಲ್ಲ. ‘ಆತು, ನಿಂತಿರ್ತೀನಿ’ ಎಂದಷ್ಟೇ ಹೇಳಿ ಫೋನು ಇಟ್ಟೆ. ಅಳಲಿಲ್ಲ. ಹೊರಗೆ ಬಂದು ಕನಕವಲ್ಲಿಗೆ, ನಮ್ಮವ್ವ ಒಂದು ಮಾತೂ ಆಡದೆ ಎಲ್ಲ ಹೇಳಿದಳು ಎಂದೆ. ಅವಳಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ನಕ್ಕಳು.

ಇನ್ನು ಎಂಟು ತಿಂಗಳು. ಎಷ್ಟು ಬಾಗಿಲು ಮುಚ್ಚಿದರೂ ನಾನು ಕುಗ್ಗುವುದಿಲ್ಲ. ನನ್ನದೊಂದು ಬಾಗಿಲು ತೆರೆಯುತ್ತದೆ ಎಂದು ಈಗ ಗೊತ್ತಾಗಿದೆ. ನಾನು ಬಿಟ್ಟುಬಂದ ಲಿಂಗದ ಕರಡಿಗೆಯನ್ನು ನೀನು ಜಗುಲಿಯ ಮೇಲೆ ಜೋಪಾನವಾಗಿ ಇಟ್ಟಿರುತ್ತೀ. ಅದರ ವಿಷಯವಾಗಿ ನಾವು ಜಗಳವಾಡುವುದಿದ್ದರೆ ಎದುರೆದುರು ಕೂತು, ರೊಟ್ಟಿ ತಿನ್ನುತ್ತ ಆಡೋಣ.

ನಿನ್ನ ಬಾಯಾಳಿ ಮಗಳು,
ಶಾಂಭವಿ

ತಾ.ಕ. ಪತ್ರ ಮಡಚುವಷ್ಟರಲ್ಲಿ ಅಂಚೆಯವನು ಬಂದ. ನಿನ್ನ ಐದನೆಯ ಪತ್ರ ಬಂದಿದೆ, ಮೇಲೆ ಕೊಟ್ಟೂರಿನ ಮುದ್ರೆ. ‘ನಿಮ್ಮ ಮಾಮನ ಹೇಂತಿದು ಹೆರಿಗಿ ಆಗೈತಿ. ಇಪ್ಪತ್ತೆರಡಕ್ಕ ಕೊಟ್ಟೂರಿಗೆ ಬಂದೀನಿ. ಸಂಕ್ರಮಣ ಮುಗಿಯೋತನಕ ಇಲ್ಲೇ ಇರ್ತೀನಿ. ಇಪ್ಪತ್ತೈದಕ್ಕ ಫೋನ್ ಮಾಡಬ್ಯಾಡ, ನಾನು ಬೂತಿಗೆ ಬರಾಕ ಆಗಂಗಿಲ್ಲ. ಫೋನಿನ ಸುದ್ದಿ ಯಾರಿಗೂ ಹೇಳಿಲ್ಲ. ನಿನ್ನ ಪತ್ರ ಎಲ್ಲಾ ಶಾವಿಗಿ ಡಬ್ಬಿಯಾಗ ಮುಚ್ಚಿಟ್ಟೀನಿ, ಅಲ್ಲಿಗೆ ನಿಮ್ಮಪ್ಪನ ಕೈ ಹೋಗಂಗಿಲ್ಲ’ ಎಂದು ಬರೆದಿದ್ದೀ.

ನಾಲ್ಕು ಸಲ ಓದಿದೆ. ಆ ದಿನ, ಆ ಹೊತ್ತು, ಆ ಬೂತು ನಾನು ನಿನಗಲ್ಲದೆ ಯಾರಿಗೂ ಬರೆದಿಲ್ಲ. ಆ ಡಬ್ಬಿಗೆ ಕೈ ಹಾಕದೆ ಅದು ಅಪ್ಪನಿಗೆ ತಿಳಿಯಲು ಸಾಧ್ಯವಿಲ್ಲ. ಮೂರು ಸಲ ತಟ್ಟುವುದು, ಅಜ್ಜ ಹೋದ ಮೇಲೆ, ನನ್ನ ಬಿಟ್ಟರೆ ಅವನ ಹಿಂದೆ ಜೋಳಿಗೆ ಹೊತ್ತವನಿಗೆ ಮಾತ್ರ ಗೊತ್ತು. ಅವ್ವ, ಹದಿನಾಲ್ಕು ನಿಮಿಷ ಕೂತು ಕೇಳಿದವನು ಅಪ್ಪ. ಮೇಲೆ ಅಳಲಿಲ್ಲ ಎಂದು ಬರೆದಿದ್ದೇನೆ, ಅದು ಗುರುವಾರದ ಮಾತು. ಇವತ್ತು ಕನಕವಲ್ಲಿ ನನಗೆ ನೀರು ಕೊಟ್ಟು ಸಾಕಾದಳು.

ಈ ಪತ್ರವನ್ನು ಕೊಟ್ಟೂರಿಗೆ ಹಾಕಿದರೆ ನಿನಗೆ ಬೇಗ ಸಿಗುತ್ತದೆ. ಹಾಕುವುದಿಲ್ಲ. ನಿನ್ನ ಹೆಸರು ಬರೆದು ಹರಪನಹಳ್ಳಿಯ ಮನೆಗೇ ಹಾಕುತ್ತೇನೆ. ಲಕೋಟೆಗೆ ಗೋಂದು ಹಚ್ಚಿಲ್ಲ.