ಹೊಸಬನ ಇನ್ನೂರ ಹನ್ನೆರಡು ಕಾಮೆಂಟುಗಳು

ಮಂಗಳವಾರ, ಮಧ್ಯಾಹ್ನ
ಅಂಟು ಒಣಗುವ ಹೊತ್ತು

ಯಜಮಾನರಿಗೆ ನಮಸ್ಕಾರ.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದು ಮಾತು ಕೇಳಬೇಕು. ಕಳೆದ ವಾರ ನಾನು ವೆಬ್‌ಸೈಟ್ ವರ್ಗಾವಣೆಯ ಕೋಡ್ ಕೇಳಿದಾಗ ಅಷ್ಟು ಸಲೀಸಾಗಿ ಏಕೆ ಕಳಿಸಿಕೊಟ್ಟಿರಿ? ಛತ್ರಿ ಕೊಡುವಾಗಲೂ ಎಲ್ಲಿಗೆ, ಏಕೆ, ಯಾವಾಗ ವಾಪಸು ಎಂದು ಮೂರು ಪ್ರಶ್ನೆ ಹಾಕುವವರು ನೀವು. ಮನೆ ಬಿಟ್ಟು ನಿಮ್ಮ ಲೇತ್ ವರ್ಕ್‌ಶಾಪಿನ ಪಕ್ಕದ ಕೋಣೆ ಸೇರಿ ಏಳು ತಿಂಗಳಾಯಿತು. ಅಂಥವರು ಅರ್ಧ ಗಂಟೆಯೊಳಗೆ ಬರೀ ಕೋಡ್ ಕಳಿಸಿ ಸುಮ್ಮನಾದಿರಿ. ಅಲ್ಲಿಂದಲೇ ನನಗೆ ಅನುಮಾನ ಶುರುವಾಯಿತು.

ವಿಷಯ ನಿಮಗೆ ಗೊತ್ತೇ ಇದೆ. ಪುಸ್ತಕ ಬೈಂಡಿಂಗ್ ಕೆಲಸದ ಬಗ್ಗೆ ನಾನು ಬರೆಯುವ ವೆಬ್‌ಸೈಟನ್ನು ಐದು ವರ್ಷದ ಹಿಂದೆ ಕಟ್ಟಿಕೊಟ್ಟವರು ನೀವು. ಅದಕ್ಕೆ ಜಾಗ ಕೊಟ್ಟಿದ್ದ ಹಳೆಯ ಹೋಸ್ಟಿಂಗ್ ಕಂಪನಿ ಈ ತಿಂಗಳ ಕೊನೆಗೆ ಬಾಗಿಲು ಹಾಕುತ್ತಿದೆ. ಅಷ್ಟರೊಳಗೆ ಎಲ್ಲವನ್ನೂ ಹೊಸ ಕಂಪನಿಗೆ ಸಾಗಿಸದಿದ್ದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದಂತೆ. ಹೊಸ ಕಂಪನಿಯ ಹೆಂಗಸು ಫೋನಿನಲ್ಲಿ ಸಮಾಧಾನವಾಗಿ ಹೇಳಿಕೊಟ್ಟಳು. ಬ್ಯಾಕಪ್ ಇಳಿಸಿಕೊಂಡ ಮೇಲೆ ಒಂದೊಂದನ್ನೂ ತೆರೆದು ನೋಡಿ, ಕಣ್ಣುಮುಚ್ಚಿ ಸಾಗಿಸಬೇಡಿ ಎಂದಳು. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಎರಡು ದಿನ ಹಿಡಿಯಿತು. ರಟ್ಟು ಕತ್ತರಿಸುವ ಫೋಟೋಗಳೆಲ್ಲ ಅಡ್ಡಡ್ಡ ಮಲಗಿದ್ದವು, ಒಂದೊಂದನ್ನೇ ಎಬ್ಬಿಸಿ ನಿಲ್ಲಿಸಿದೆ.

ಆಮೇಲೆ ಓದುಗರ ಕಾಮೆಂಟುಗಳ ಪಟ್ಟಿ ಸಿಕ್ಕಿತು. ‘ಹೊಸಬ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಓದುಗನೊಬ್ಬ ನಿಮಗೆ ನೆನಪಿರಬೇಕು. ನಾಲ್ಕು ವರ್ಷ ಬರೆದರೂ ಹೊಸಬನಾಗಿಯೇ ಉಳಿದವನು. ಮೇಡಂ ಮೇಡಂ ಎಂದು ಕರೆಯುತ್ತ, ಹೊಲಿಗೆಗೆ ಎಂಥ ದಾರ, ಬೆನ್ನಿಗೆ ಎಷ್ಟು ಅಂಟು ಎಂದು ಇನ್ನೂರ ಹನ್ನೆರಡು ಸಲ ಬರೆದಿದ್ದಾನೆ. ಊಟಕ್ಕೆ ಕೂತಾಗ ನಾನು ಅವನನ್ನು ಹೊಗಳಿದರೆ ನೀವು ತಟ್ಟೆ ನೋಡುತ್ತ ಹೂಂ ಎನ್ನುತ್ತಿದ್ದಿರಿ. ಆ ಪಟ್ಟಿಯಲ್ಲಿ ಪ್ರತಿ ಕಾಮೆಂಟಿನ ಪಕ್ಕದಲ್ಲೂ ಅದು ಯಾವ ಇಂಟರ್ನೆಟ್ ಸಂಪರ್ಕದಿಂದ ಬಂತು ಎಂಬ ಸಂಖ್ಯೆ ಇರುತ್ತದೆ. ಹೊಸಬನ ಸಂಖ್ಯೆಯೂ ನಾನು ಉತ್ತರ ಬರೆದ ಸಂಖ್ಯೆಯೂ ಒಂದೇ. ಅವನು ಬರೆಯುತ್ತಿದ್ದದ್ದು ನಮ್ಮ ಮನೆಯಿಂದ.

ನಾಲ್ಕು ವರ್ಷ ಪಕ್ಕದ ಕೋಣೆಯಲ್ಲಿ ಕೂತು ನನ್ನನ್ನು ಮೇಡಂ ಎಂದಿರಿ. ಇದನ್ನು ಏನೆಂದು ತಿಳಿಯಲಿ? ತಮಾಷೆ ಮಾಡಿದಿರಾ, ಪರೀಕ್ಷೆ ಮಾಡಿದಿರಾ, ಇಲ್ಲ ನನ್ನ ಬೆನ್ನ ಹಿಂದೆ ಕಾವಲು ಕೂತಿರಾ?

ಈಗ ಹಿಂದಿನದೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತಿದೆ. ನನ್ನ ಗಂಡನಿಗೆ ಅಂಟಿನ ವಾಸನೆ ಆಗದು, ಮೂಗು ಮುಚ್ಚಿಕೊಂಡು ಓಡಾಡುತ್ತಾನೆ ಎಂದು ಹೊಸಬನಿಗೆ ಬರೆದೆ. ನಾಲ್ಕನೇ ದಿನ ನೀವು ಕಿಟಕಿಗೆ ಫ್ಯಾನ್ ಕೂರಿಸಿದಿರಿ, ಸೆಖೆ ಎಂದಿರಿ. ಚಳಿಯಲ್ಲಿ ಎಂಥ ಸೆಖೆ? ಬೆಳಕು ಸಾಲದು ಎಂದು ಬರೆದೆ, ಮೇಜಿನ ಮೇಲೆ ದೀಪ ಬಂತು. ಪುಸ್ತಕ ಒತ್ತಿ ಹಿಡಿಯುವ ಪ್ರೆಸ್ಸಿನ ಸ್ಕ್ರೂ ಸವೆದುಹೋದಾಗ ಹೊಸದನ್ನು ಕಡೆದುಕೊಟ್ಟವರೂ ನೀವೇ. ಅದೊಂದು ಮಾತ್ರ ಹೊಸಬ ಬರುವುದಕ್ಕೆ ಮೊದಲಿನದು, ನಾನು ಬಾಯಿಬಿಟ್ಟು ಕೇಳಿದ್ದು. ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಪ್ರೆಸ್ ಲೋಕದಲ್ಲಿ ನಮ್ಮದೊಂದೇ ಇರಬೇಕು. ಉಲ್ಟಾ ಕಡೆದದ್ದನ್ನು ನೀವು ಇವತ್ತಿನವರೆಗೂ ಒಪ್ಪಿಕೊಂಡಿಲ್ಲ.

ನೀವು ಹೋದ ಮೇಲೂ ಹೊಸಬ ಒಂದು ಸಲ ಬಂದಿದ್ದಾನೆ, ಬೇರೆ ಸಂಖ್ಯೆಯಿಂದ. ಮೇಡಂ, ಮಣಿಕಟ್ಟಿನ ನೋವು ವಾಸಿಯಾಯಿತೇ ಎಂದು ಕೇಳಿದ್ದಾನೆ. ಮಣಿಕಟ್ಟಿನ ವಿಷಯ ನಾನು ವೆಬ್‌ಸೈಟಿನಲ್ಲಿ ಒಂದಕ್ಷರವೂ ಬರೆದವಳಲ್ಲ. ಕಳ್ಳತನ ಮಾಡುವವರಿಗೆ ಇಷ್ಟಾದರೂ ಎಚ್ಚರ ಬೇಡವೇ?

ಅದಕ್ಕೆ ನೇರವಾಗಿ ಕೇಳುತ್ತಿದ್ದೇನೆ. ಹೊಸ ಜಾಗಕ್ಕೆ ಕಾಮೆಂಟುಗಳನ್ನು ಸಾಗಿಸುವುದು ಬಿಡುವುದು ನನ್ನ ಇಷ್ಟವಂತೆ. ಹೊಸಬನನ್ನು ಕರೆದೊಯ್ಯಲೋ, ಮುಚ್ಚುವ ಕಂಪನಿಯ ಜೊತೆ ಬಿಟ್ಟುಬಿಡಲೋ? ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಮನೆಯೂ ಬಿಕೋ ಎನ್ನುತ್ತಿದೆ. ಅದನ್ನೂ ಬರೆದುಬಿಟ್ಟೆ, ಹೊಡೆದುಹಾಕುವುದಿಲ್ಲ.

ಇಂತಿ,
ನಿಮ್ಮ ಮೇಡಂ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಇಷ್ಟು ಹೊತ್ತು ನಿಮ್ಮನ್ನು ಕಳ್ಳರೆಂದು ಬೈದವಳು ಒಂದು ನಿಜ ಹೇಳಬೇಕು. ಆ ಸಂಖ್ಯೆ ನೋಡಿ ನನಗೆ ಗೊತ್ತಾದದ್ದಲ್ಲ. ಹೊಸಬ ಬಂದ ಮೊದಲ ತಿಂಗಳೇ, ಎಡಕ್ಕೆ ಎಷ್ಟು ತಿರುಗಿಸಿ ಬಿಗಿ ಮಾಡಿದರೂ ಹಾಳೆ ಜಾರುತ್ತದಲ್ಲ ಮೇಡಂ ಎಂದು ಬರೆದಿದ್ದ. ಅವತ್ತೇ ತಿಳಿಯಿತು. ತಿಳಿದೇ ನಾಲ್ಕು ವರ್ಷ ಉತ್ತರ ಬರೆದೆ. ಎದುರಿಗೆ ಹೇಳಲು ಬಾಯಿ ಬಾರದ್ದನ್ನೆಲ್ಲ ಅವನಿಗೆ ಹೇಳಿದೆ, ನೀವು ಓದಲಿ ಎಂದೇ. ಈ ಮನೆಯಲ್ಲಿ ನಾನೊಬ್ಬಳೇ ಇದ್ದಿದ್ದರೆ ಕೆಲಸ ಇನ್ನೂ ಚೆನ್ನಾಗಿ ಆಗುತ್ತಿತ್ತು ಎಂದು ಬರೆದದ್ದೂ ಹಾಗೆಯೇ. ನೀವು ಎದ್ದು ಈ ಕೋಣೆಗೆ ಬಂದು ಜಗಳ ಆಡುತ್ತೀರಿ ಎಂದುಕೊಂಡಿದ್ದೆ. ನೀವು ಮೂರನೇ ದಿನ ಬ್ಯಾಗು ತುಂಬಿಕೊಂಡಿರಿ, ವರ್ಕ್‌ಶಾಪ್ ದೂರ ಎಂದಿರಿ. ನಾನು ತಡೆಯಲಿಲ್ಲ.

ಇನ್ನೂರ ಹನ್ನೆರಡನ್ನೂ ನಿನ್ನೆಯೇ ಸಾಗಿಸಿಬಿಟ್ಟೆ, ನಿಮ್ಮನ್ನು ಕೇಳಿದ್ದು ಸುಮ್ಮನೆ. ನಾನೊಬ್ಬಳೇ ಇದ್ದಿದ್ದರೆ ಎಂದ ನನ್ನ ಆ ಒಂದು ಸಾಲನ್ನು ಮಾತ್ರ ತರಲಿಲ್ಲ. ತಿಂಗಳ ಕೊನೆಗೆ ಅದು ಎಲ್ಲಿಯೂ ಇರುವುದಿಲ್ಲ. ಮಣಿಕಟ್ಟು ವಾಸಿಯಾಗಿಲ್ಲ, ಪ್ರೆಸ್ ಬಿಗಿ ಮಾಡಲು ಆಗುತ್ತಿಲ್ಲ. ಎಡಕ್ಕೆ ತಿರುಗಿಸಬೇಕು ಎಂದು ಬೇರೆ ಯಾರಿಗೂ ಗೊತ್ತಿಲ್ಲ. ಇದಕ್ಕೆ ಉತ್ತರವನ್ನು ಕಾಮೆಂಟಿನಲ್ಲಿ ಬರೆಯಬೇಡಿ, ಬಂದು ಬಾಗಿಲು ತಟ್ಟಿ.