ಅತ್ತೆಯನ್ನು ಅಳಿಸಿಹಾಕುವ ಆದೇಶದ ಕುರಿತು

ಸಂಶೋಧನಾ ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಬಾಣಂತಿಯರ ಒಂಟಿತನ ಕುರಿತ ನನ್ನ ಮನಶ್ಶಾಸ್ತ್ರ ಪ್ರಬಂಧದಿಂದ ಒಬ್ಬ ಅತ್ತೆಯನ್ನು ಹೊರಹಾಕಬೇಕೆಂದು ತಾವು ಆದೇಶಿಸಿದ್ದೀರಿ. ಸಂದರ್ಶನದಲ್ಲಿ ಮೂರನೆಯವರ ಮಾತು ಬೆರೆತರೆ ಮಾಹಿತಿ ಕಲುಷಿತವಂತೆ. ಅಳಿಸದಿದ್ದರೆ ಪ್ರಬಂಧವೇ ತಿರಸ್ಕೃತ. ಸೊಸೆಯರಿಂದಲೇ ಆಗದ ಕೆಲಸವನ್ನು ಸಮಿತಿಯೊಂದು ಒಂದೇ ಸಾಲಿನಲ್ಲಿ ಮುಗಿಸಿದ್ದಕ್ಕೆ ಮೊದಲು ಅಭಿನಂದನೆ.

ತಮ್ಮ ನಿಯಮವನ್ನು ನಾನು ಪಾಲಿಸಲಿಲ್ಲವೆಂದಲ್ಲ. ಆ ಅತ್ತೆಯ ಬಾಣಂತಿ ಸೊಸೆಯನ್ನು ಮೊದಲು ಮಾತಾಡಿಸಿದ್ದು ನಮ್ಮ ವಿಭಾಗದ ಸಂದರ್ಶನ ಕೊಠಡಿಯಲ್ಲೇ. ಮುಚ್ಚಿದ ಬಾಗಿಲು, ಮೇಜಿನ ಮೇಲೆ ರೆಕಾರ್ಡರ್, ಗೋಡೆಯ ಮೇಲೆ ಮಾಜಿ ಮುಖ್ಯಸ್ಥರ ಗಂಟುಮೋರೆಗಳು. ಕೇಳಿದ್ದಕ್ಕೆಲ್ಲ ಚೆನ್ನಾಗಿದ್ದೇನೆ ಎಂದಳು. ಹೊರಡುವಾಗ, ತಾನು ಪಾಸಾದೆನೋ ಎಂದು ಮೆಲ್ಲಗೆ ವಿಚಾರಿಸಿದಳು. ಇದನ್ನು ತಮ್ಮ ಸಮಿತಿ ಶುದ್ಧ ಮಾಹಿತಿ ಎಂದು ಮೆಚ್ಚಿಕೊಂಡಿದೆ. ನನ್ನ ಪ್ರಬಂಧದ ಸಭೆಯಲ್ಲೂ ತಾವೊಬ್ಬರೇ ಮಾತಾಡಿದಿರಿ, ಉಳಿದ ಸದಸ್ಯರು ತಲೆಯಾಡಿಸಿದರು. ಅವರೆಲ್ಲ ಒಪ್ಪಿದ್ದಾರೆಂಬ ಮಾಹಿತಿ ಎಷ್ಟು ಶುದ್ಧ, ಸ್ವಾಮಿ?

ಆಮೇಲೆ ಅವಳ ಮನೆಗೇ ಹೋದೆ. ಅತ್ತೆ ಮಗುವಿನ ಬಟ್ಟೆ ಮಡಚುತ್ತ ಪಕ್ಕದಲ್ಲೇ ಕೂತರು. ಪ್ರಶ್ನೆ ಸೊಸೆಗೆ, ಉತ್ತರ ಅತ್ತೆಯದು. ಮನೆ ತುಂಬ ಜನ ಇರುವಾಗ ಇವಳಿಗೆಂಥ ಒಂಟಿತನ ಎಂದು ನನ್ನನ್ನೇ ಕೇಳಿದರು. ಸುಳ್ಳೇಕೆ, ನಾನೂ ಒಳಗೊಳಗೇ ಹಲ್ಲು ಕಡಿದೆ. ಅಷ್ಟರಲ್ಲಿ ಅವರ ಕೈ ನಿಂತಿತು.

"ನನ್ನ ದೊಡ್ಡ ಮಗ ಹುಟ್ಟಿದಾಗ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ಯಾಕೆ ಅಂತ ನಂಗೇ ಗೊತ್ತಿರ್ಲಿಲ್ಲ. ಯಾರ ಹತ್ರಾನೂ ಹೇಳಿಲ್ಲ."

ಸೊಸೆ ತಲೆಯೆತ್ತಿದಳು. "ಅತ್ತೆ, ನಾನೂ ನಲ್ಲಿ ಬಿಟ್ಕೊಂಡೇ ಅಳೋದು."

"ಟ್ಯಾಂಕು ದಿನಾ ಯಾಕೆ ಖಾಲಿಯಾಗುತ್ತೆ ಅಂತ ಈಗ ತಿಳೀತು ಬಿಡು."

ಇಬ್ಬರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಪ್ರಶ್ನೆಪಟ್ಟಿಯನ್ನು ಮಡಚಿಟ್ಟೆ. ಆಮೇಲೆ ಸೊಸೆ ಮನಬಿಚ್ಚಿ ಹೇಳಿದ್ದೇ ನನ್ನ ಪ್ರಬಂಧದ ಜೀವ. ಇಬ್ಬರ ಅನುಮತಿ ಪಡೆದೇ ಇದನ್ನು ಅದರಲ್ಲಿ ಸೇರಿಸಿದ್ದೇನೆ.

ಮೂರನೆಯವರಿದ್ದಾರೆಂದು ಆ ಪುಟಗಳನ್ನೇ ಕೀಳುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಅತ್ತೆಯಿಂದಾಗಿ ಅವಳು ಬಾಯಿ ಮುಚ್ಚಿದ್ದು, ಅತ್ತೆಯಿಂದಾಗಿಯೇ ಬಾಯಿ ಬಿಟ್ಟದ್ದು, ಎರಡೂ ಪ್ರಬಂಧದಲ್ಲಿರಬೇಕು. ನಮ್ಮ ಕೊಠಡಿಯೂ ಇರಬೇಕು, ಹಲ್ಲು ಕಡಿದ ನಾನೂ ಇರಬೇಕು. ಯಾರ ಎದುರು, ಎಲ್ಲಿ ಕೂತು ಆಡಿದ್ದು ಎಂಬುದನ್ನು ಬಿಟ್ಟು ಬರೀ ಮಾತನ್ನು ಎತ್ತಿಕೊಂಡು ನಾವು ಯಾವ ಮನಸ್ಸನ್ನು ಓದುತ್ತೇವೆ?

ಆದ್ದರಿಂದ ಆದೇಶವನ್ನು ಹಿಂಪಡೆಯಿರಿ. ಆಗದಿದ್ದರೆ ಅದನ್ನು ಅತ್ತೆಯ ಎದುರು ಕೂತು ತಾವೇ ಓದಿ ಹೇಳಿ, ನನಗಷ್ಟು ಧೈರ್ಯವಿಲ್ಲ. ಸೊಸೆಗೆ ಮಾತ್ರ ತಿಳಿಸಿದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳೆಂದಳು: "ಅತ್ತೆ ಮಾತು ತೆಗೆದ್ರೆ ನಂದೂ ತೆಗೆದ್ಬಿಡಿ ಮೇಡಂ. ಅವ್ರು ಹೇಳಿದ್ರು ಅಂತಾನೇ ನಾನು ಹೇಳಿದ್ದು."

ಇಂತಿ,
ಜೀವನದಲ್ಲಿ ಮೊದಲ ಬಾರಿ ಅತ್ತೆಯೊಬ್ಬರ ಪರ ವಾದಿಸುತ್ತಿರುವ,
ಇನ್ನೂ ಡಾಕ್ಟರೇಟ್ ಸಿಗದ ಒಬ್ಬ ಸೊಸೆ