ಮಾರಿಸೆಲ್ ಹೊಲಿದ ಬಟ್ಟೆಗೊಂದು ತುತ್ತು

ಅಕ್ಕಾ,

ಈ ಕಾಗದ ನಿನ್ನನ್ನು ತಲುಪದು. ಆದರೂ ಇಂದು ನಡೆದುದನ್ನು ನಿನಗೇ ಹೇಳಬೇಕು.

ನಾನೀಗ ಮಗ ಸೊಸೆಯೊಂದಿಗಿರುವ ಈ ಪರದೇಶದ ಈಸ್ಟ್‌ಗೇಟ್‌ನಲ್ಲಿ ನಮ್ಮ ನೆರೆಯವಳು ಫಿಲಿಪೀನ್ಸ್‌ನ ಮಾರಿಸೆಲ್. ತನ್ನ ಅಜ್ಜಿಯ ಅನಾನಸ್ ನಾರಿನ ಬಟ್ಟೆ, ತಾಯಿಯ ದಾದಿಯುಡುಪು, ವಲಸೆ ಬಂದಾಗಿನ ವಿಮಾನದ ಚೀಟಿ ಇವನ್ನೆಲ್ಲ ಕೂಡಿಸಿ ಹೊಲಿದ ಕಲಾಕೃತಿಯ ಕೊನೆಯ ಅಂಚನ್ನು ಅವಳು ಮುಚ್ಚುತ್ತಿದ್ದಳು. ಹಳೆಬಟ್ಟೆಯ ಕೌದಿಯ ಅಂಚು ಮುಚ್ಚುವ ಮುನ್ನ ಅದರ ಹೊಟ್ಟೆ ತುಂಬಲೆಂದು ನೀನು ಹೋಳಿಗೆಯ ಚೂರು ಇಡುತ್ತಿದ್ದೆಯಲ್ಲ, ನಿನ್ನೊಂದಿಗೇ ಹೋಯಿತೆಂದುಕೊಂಡಿದ್ದ ಆ ಪದ್ಧತಿಯನ್ನು ಹೇಳಿದೆ.

“ಅತ್ತೀ, ಇರುವಿ ಹತ್ತತಾವ್ರೀ!” ಎಂದು ನಕ್ಕರೂ, ಸೊಸೆ ವೈಶಾಲಿ ಅದನ್ನು ಮಾರಿಸೆಲ್‌ಗೆ ಇಂಗ್ಲಿಷಿನಲ್ಲಿ ತಿಳಿಸಿದಳು.

ಮಾರಿಸೆಲ್ ಅಕ್ಕಿಕಾಳು ತಂದು ಬಟ್ಟೆಯ ಅಂಚಿನೊಳಗಿಟ್ಟಳು. ತಮ್ಮ ಭಾಷೆಯಲ್ಲಿ ಅಜ್ಜಿಯನ್ನು ಕರೆಯುವಂತೆ ನನ್ನನ್ನು “ಲೋಲಾ” ಎಂದು ಕರೆದು, ಸೂಜಿ ಚಾಚಿದಳು. ನೀನೂ ಎಷ್ಟೋ ಬಾರಿ ಚಾಚಿದ್ದೆ.

ನನ್ನ ಹೊಲಿಗೆ ಸೊಟ್ಟಗಾಯಿತು. ಬಿಚ್ಚಿ ಸರಿಪಡಿಸೆಂದು ಕೈಸನ್ನೆ ಮಾಡಿದೆ. ಅವಳು ನಕ್ಕು, ಗಂಟು ಹಾಕಿ, ದಾರ ಕತ್ತರಿಸಿಬಿಟ್ಟಳು.

ನಿನ್ನ ತಂಗಿ